ಲಿಸ್ಟೋವೆಲ್ಲಿನ ಶಾಲಾದಿನಗಳು

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕೆರ್ರಿ ಎಂಬ ಜಿಲ್ಲೆಯುಂಟು. ಬೆಟ್ಟ, ಕಡಲು, ಮಳೆ ಈ ಮೂರನ್ನೂ ವಿಧಿಯು ಅದಕ್ಕೆ ಧಾರಾಳವಾಗಿ ಕೊಟ್ಟಿದೆ. ಹಣವನ್ನು ಮಾತ್ರ ಬಹುಕಾಲ ಕೈಬಿಗಿಹಿಡಿದು ಕೊಟ್ಟಿತು. ಪ್ರವಾಸಿಗಳು ಸಾಮಾನ್ಯವಾಗಿ ದಕ್ಷಿಣದ ಕಿಲ್ಲಾರ್ನಿ ಸರೋವರಗಳನ್ನು ಕಣ್ತುಂಬ ನೋಡಿ ಹಿಂದಿರುಗಿಬಿಡುತ್ತಾರೆ. ಉತ್ತರಕ್ಕೆ ಹೊರಳಿದವರಿಗೆ ಕಾಣುವ ನೋಟವೇ ಬೇರೆ. ಅಲ್ಲಿ ಬೆಟ್ಟಗಳು ಹಿಂದೆ ಸರಿಯುತ್ತವೆ. ಹಸುರು ಹುಲ್ಲುಗಾವಲು, ಕಪ್ಪು ಜವುಗುನೆಲ, ಒದ್ದೆಯಾದ ಗಾಳಿ ಇವು ಮುಂದೆ ಬರುತ್ತವೆ. ಈ ಬಯಲಿನ ನಡುವೆ, ಫೀಲ್ ಎಂಬ ನದಿಯ ದಡದಲ್ಲಿ, ಲಿಸ್ಟೋವೆಲ್ ಎಂಬ ಪೇಟೆಯಿದೆ. ಜನಸಂಖ್ಯೆ 5,000ವನ್ನು ಮುಟ್ಟುವುದಿಲ್ಲ.

ಊರಿನ ನಡುವೆ ವಿಶಾಲವಾದ ಚೌಕ. ಚೌಕದ ಮಧ್ಯದಲ್ಲಿ ಒಂದು ಪ್ರಾಟೆಸ್ಟೆಂಟ್ ಇಗರ್ಜಿ. ಅದು ಈಗ ನಾಟಕ ಸಂಗೀತಗಳ ಮಂದಿರವಾಗಿದೆ. ಅನತಿದೂರದಲ್ಲಿ ಕ್ಯಾಥೊಲಿಕರ ಇಗರ್ಜಿ. ನದಿಯ ಕಡೆಯ ಮೂಲೆಯಲ್ಲಿ ಹಳೆಯ ಕೋಟೆಯೊಂದರ ಎರಡು ಗೋಪುರಗಳು. ಫಿಟ್ಜ್‌ಮಾರಿಸ್ ಮನೆತನದ ಈ ಕೋಟೆಯು 1600ರಲ್ಲಿ ಇಂಗ್ಲಿಷ್ ಸೇನೆಯ ಮುತ್ತಿಗೆಗೆ ಸಿಕ್ಕಿ ಬಿದ್ದಿತು. ಅಂಗಡಿಬೀದಿಗಳಲ್ಲಿ ನಡೆದರೆ ಗಾರೆಯ ಸಿಂಹಗಳೂ ಬಳ್ಳಿಗಳೂ ವೀಣಾಪಾಣಿಯಾದ ಕನ್ಯೆಯೊಬ್ಬಳ ಆಕೃತಿಯೂ ಗೋಡೆಗಳ ಮೇಲಿಂದ ಇಣುಕುತ್ತವೆ. ಪ್ಯಾಟ್ ಮೆಕಾಲಿಫ್ ಎಂಬ ಊರಿನ ಗಾರೆಕೆಲಸದವನು ಮಾಡಿಹೋದ ಕೆಲಸವಿದು. ಊರ ಅಂಗಡಿಗಳ ಮುಂಭಾಗಕ್ಕೆ ಹೀಗೆ ಅಲಂಕಾರ ತೊಡಿಸಿ ಅವನು 1921ರಲ್ಲಿ ತೀರಿಕೊಂಡನು.

ಇಷ್ಟು ಚಿಕ್ಕ ಊರಿಗೆ ಸಾಹಿತ್ಯಲೋಕದಲ್ಲಿ ದೊಡ್ಡ ಹೆಸರಿದೆ. ನಾಟಕಕಾರ ಜಾನ್ ಬಿ. ಕೀನ್, ಕಥೆಗಾರ ಬ್ರಯನ್ ಮೆಕ್‌ಮಹನ್ ಇಲ್ಲಿಯವರೇ. ಕವಿ ಬ್ರೆಂಡನ್ ಕೆನೆಲಿ, ಕಾದಂಬರಿಕಾರ ಮಾರಿಸ್ ವಾಲ್ಷ್, ನಾಟಕಕಾರ ಜಾರ್ಜ್ ಫಿಟ್ಜ್‌ಮಾರಿಸ್ ಸುತ್ತಿನ ಹಳ್ಳಿಗಳವರು. 1970ರ ದಶಕದ ಆರಂಭದಿಂದ ಪ್ರತಿವರ್ಷವೂ ಇಲ್ಲಿ ಲೇಖಕರ ಸಪ್ತಾಹವೊಂದು ನಡೆಯುತ್ತ ಬಂದಿದೆ. ಆದರೆ ಈ ಊರಿನ ಹಿರಿಯರು ಸೇರಿ ಕುಳಿತಾಗ ಮಾತು ಹೊರಳುವುದು ಹೆಚ್ಚಾಗಿ ಶಾಲೆಯ ಕಡೆಗೆ. ಯಾರು ಶಾಲೆಗೆ ಹೋದರು, ಯಾರು ಹೋಗಲಾಗಲಿಲ್ಲ ಎಂಬುದು ಅಲ್ಲಿ ಇಂದಿಗೂ ಒಂದು ತಲೆಮಾರಿನ ಬಾಳನ್ನು ಅಳೆಯುವ ಕೋಲು.

ತಕ್ಕಡಿಯ ರೈಲು

ಆ ಹಿರಿಯರಿಗೆ ಅವರ ಹಿರಿಯರು ಹೇಳಿದ ಕಥೆಗಳಲ್ಲಿ ಮುಖ್ಯವಾದುದು ಒಂದು ವಿಚಿತ್ರ ರೈಲಿನ ಕಥೆ. 1888ರಿಂದ 1924ರವರೆಗೆ ಲಿಸ್ಟೋವೆಲ್ಲಿನಿಂದ ಕಡಲತೀರದ ಬ್ಯಾಲಿಬನಿಯನ್‌ಗೆ ಒಂದೇ ಕಂಬಿಯ ರೈಲು ಓಡುತ್ತಿತ್ತು. ಚಾರ್ಲ್ಸ್ ಲಾರ್ಟಿಗ್ ಎಂಬ ಫ್ರೆಂಚ್ ಎಂಜಿನಿಯರು ಆಲ್ಜೀರಿಯದ ಮರಳುಗಾಡಿನಲ್ಲಿ ಒಂಟೆಗಳು ಬೆನ್ನಿನ ಎರಡು ಪಕ್ಕಕ್ಕೂ ಸಮತೂಕದ ಹೊರೆ ಹೊತ್ತು ನಡೆಯುವುದನ್ನು ಕಂಡು ಈ ಉಪಾಯವನ್ನು ಹೂಡಿದನಂತೆ. ಸೊಂಟದೆತ್ತರದ ಕಂಬಿಯ ಮೇಲೆ ಬಂಡಿ ಕವುಚಿ ಕುಳಿತಿರುತ್ತಿತ್ತು. ಎಡಬಲಗಳಲ್ಲಿ ಭಾರ ಸಮನಾಗಿರಬೇಕಾಗಿತ್ತು. ಹಳ್ಳಿಯೊಬ್ಬಳಿಗೆ ಪಿಯಾನೋ ಕಳಿಸಬೇಕಾದಾಗ ಇನ್ನೊಂದು ಪಕ್ಕಕ್ಕೆ ಹಸುವನ್ನು ಹತ್ತಿಸಿದರಂತೆ; ಆ ಹಸುವನ್ನು ಹಿಂದಕ್ಕೆ ತರಲು ಮತ್ತೊಂದು ಪಕ್ಕಕ್ಕೆ ಎರಡು ಕರುಗಳನ್ನು ಹತ್ತಿಸಿದರಂತೆ; ಕರುಗಳನ್ನು ಮರಳಿಸುವಾಗ ಎಡಕ್ಕೊಂದು ಬಲಕ್ಕೊಂದು ಕಟ್ಟಿ ಕಳಿಸಿದರಂತೆ. ಊರವರು ಇದನ್ನು ನಗದೆ ಹೇಳುತ್ತಾರೆ. ಕೇಳಿದವರು ನಗದೆ ಇರಲಾರರು.

ರೈಲಿನ ಭಾರವನ್ನು ಹೀಗೆ ಸರಿದೂಗಿಸಬಹುದಾಗಿತ್ತು. ಊರಿನ ಮಕ್ಕಳ ಅದೃಷ್ಟವನ್ನು ಸರಿದೂಗಿಸುವ ಉಪಾಯ ಮಾತ್ರ ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಎರಡು ಬಾಗಿಲುಗಳು

ಐರ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಣ ಬಹು ಹಿಂದಿನಿಂದಲೇ ಎಲ್ಲರಿಗೂ ದೊರೆಯುತ್ತಿತ್ತು. ಮಳೆಯಲ್ಲಿ ತೊಯ್ದುಕೊಂಡು, ಬೇಸಗೆಯಲ್ಲಿ ಬರಿಗಾಲಿನಲ್ಲಿ ಹಳ್ಳಿಯ ಮಕ್ಕಳು 'ನ್ಯಾಷನಲ್ ಸ್ಕೂಲು' ಎಂಬ ಪ್ರಾಥಮಿಕ ಶಾಲೆಗಳಿಗೆ ಬರುತ್ತಿದ್ದರು. ಅದರ ಕೊನೆಗೆ ಪ್ರೈಮರಿ ಸರ್ಟಿಫಿಕೇಟ್ ಎಂಬ ಪರೀಕ್ಷೆ. 1943ರಿಂದ 1967ರವರೆಗೆ ಅದು ಕಡ್ಡಾಯವಾಗಿತ್ತು. ಕಡ್ಡಾಯ ಶಿಕ್ಷಣದ ವಯಸ್ಸು ಹದಿನಾಲ್ಕಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ದಾರಿ ಕವಲೊಡೆಯುತ್ತಿತ್ತು.

ಮಾಧ್ಯಮಿಕ ಶಾಲೆಗಳು ಸರ್ಕಾರದವಲ್ಲ, ಹೆಚ್ಚಿನವು ಧರ್ಮಸಂಸ್ಥೆಗಳವು. ಲಿಸ್ಟೋವೆಲ್ಲಿನಲ್ಲಿ ಹುಡುಗರಿಗೆ 1879ರಲ್ಲಿ ಆರಂಭವಾದ ಸೇಂಟ್ ಮೈಕಲ್ಸ್ ಕಾಲೇಜ್. ಹುಡುಗಿಯರಿಗೆ 1844ರಲ್ಲಿ ಊರಿಗೆ ಬಂದ ಪ್ರೆಸೆಂಟೇಷನ್ ಸನ್ಯಾಸಿನಿಯರ ಕಾನ್ವೆಂಟು. 'ಕಾಲೇಜ್' ಎಂಬ ಹೆಸರಿದ್ದರೂ ಮೊದಲನೆಯದು ಹೈಸ್ಕೂಲೇ. ಉಪಾಧ್ಯಾಯರ ಸಂಬಳದ ಬಹುಭಾಗವನ್ನು ಸರ್ಕಾರ ಕೊಡುತ್ತಿದ್ದರೂ ಇಂಥ ಶಾಲೆಗಳು ವರ್ಷಕ್ಕೆ ಕೆಲವು ಪೌಂಡುಗಳ ಫೀಸನ್ನು ಪಡೆಯುತ್ತಿದ್ದವು. ಅಂಗಡಿಯವನಿಗೆ, ಉಪಾಧ್ಯಾಯನಿಗೆ, ಪೋಲೀಸಿನವನಿಗೆ ಅದು ಕಷ್ಟವಾದರೂ ಸಾಧ್ಯವಾದ ಮೊತ್ತ. ಐದಾರು ಹಸುಗಳ ಹಾಲನ್ನು ಡೈರಿಗೆ ಹಾಕಿ ಬದುಕುವ ರೈತನಿಗೆ, ಎಂಟು ಮಕ್ಕಳ ಕೂಲಿಗಾರನಿಗೆ, ಅದು ಬೆಟ್ಟ. ಫೀಸಿನ ಜೊತೆಗೆ ಪುಸ್ತಕ, ಬಟ್ಟೆ, ಬೈಸಿಕಲ್ಲು. ಎಲ್ಲಕ್ಕಿಂತ ಮಿಗಿಲಾಗಿ, ಹದಿನಾಲ್ಕು ವರ್ಷದ ಮಗನು ದುಡಿದು ತರಬಹುದಾಗಿದ್ದ ಕೂಲಿಯ ನಷ್ಟ. ಜಿಲ್ಲಾಮಂಡಲಿಯ ವಿದ್ಯಾರ್ಥಿವೇತನಗಳು ಇದ್ದವು. ಆದರೆ ಬೆರಳಲ್ಲಿ ಎಣಿಸುವಷ್ಟು.

ಇನ್ನೊಂದು ಬಾಗಿಲು ವೃತ್ತಿಶಿಕ್ಷಣ ಶಾಲೆಯದು. ಜನರ ಬಾಯಲ್ಲಿ 'ಟೆಕ್.' 1930ರ ಶಾಸನದಿಂದ ಹುಟ್ಟಿದ ಈ ಶಾಲೆಗಳಲ್ಲಿ ಖರ್ಚು ಅತ್ಯಲ್ಪ. ಹುಡುಗರಿಗೆ ಮರಗೆಲಸ, ಲೋಹದ ಕೆಲಸ. ಹುಡುಗಿಯರಿಗೆ ಅಡಿಗೆ, ಹೊಲಿಗೆ, ಬೆರಳಚ್ಚು. ಕೆಲಸ ಕಲಿಸುವುದರಲ್ಲಿ ಅವು ಯಾವ ಶಾಲೆಗೂ ಕಡಿಮೆಯಿರಲಿಲ್ಲ. ಆದರೆ ಅಲ್ಲಿ ಓದಿದವರಿಗೆ ವಿಶ್ವವಿದ್ಯಾನಿಲಯದ ಕಡೆಗೆ ಒಯ್ಯುವ 'ಲೀವಿಂಗ್ ಸರ್ಟಿಫಿಕೇಟ್' ಪರೀಕ್ಷೆಗೆ ಕೂಡುವ ಅವಕಾಶ 1960ರ ದಶಕದ ಉತ್ತರಾರ್ಧದವರೆಗೂ ದೊರೆಯಲಿಲ್ಲ. ಒಂದೇ ಬೀದಿಯ ಒಂದೇ ವಯಸ್ಸಿನ ಮೂವರು ಹುಡುಗರಲ್ಲಿ ಒಬ್ಬನು ಲ್ಯಾಟಿನ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಒಬ್ಬನು ಉಳಿಸುತ್ತಿಗೆಗಳ ಕಡೆಗೆ, ಇನ್ನೊಬ್ಬನು ಗುದ್ದಲಿ ಹೆಗಲಿಗೇರಿಸಿ ಜವುಗುನೆಲದ ಕಡೆಗೆ ಹೊರಡುತ್ತಿದ್ದರು. ಮೂವರೂ ನಿನ್ನೆಯವರೆಗೆ ಒಂದೇ ಬೆಂಚಿನವರು.

ಒಳಗೆ ಹೋದವರು

ಒಳಗೆ ಹೋದವರ ಬಾಳು ಹೂವಿನ ಹಾಸಿಗೆಯಾಗಿತ್ತೆಂದಲ್ಲ. ಹಳ್ಳಿಯ ಹುಡುಗ ಐದಾರು ಮೈಲಿ ಎದುರುಗಾಳಿಗೆ ಬೈಸಿಕಲ್ಲು ತುಳಿದು ಬರಬೇಕು. ಬಂದಾಗ ಕೋಟು ಒದ್ದೆ, ಕಾಲುಚೀಲ ಒದ್ದೆ. ಮೈಯಿಂದ ಪೀಟಿನ ಹೊಗೆಯ ವಾಸನೆ. ಪೀಟ್ ಎಂದರೆ ಜವುಗುನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದ ಮಣ್ಣಿನ ಸೌದೆ. ಉತ್ತರ ಕೆರ್ರಿಯ ಮನೆಮನೆಯ ಒಲೆಯಲ್ಲಿಯೂ ಅದೇ ಉರಿಯುತ್ತಿದ್ದಿತು. ಪೇಟೆಯ ಹುಡುಗರು ಆ ವಾಸನೆಯಿಂದಲೇ ಹಳ್ಳಿಯವನನ್ನು ಗುರುತಿಸುತ್ತಿದ್ದರು.

ತರಗತಿಯಲ್ಲಿ ಲ್ಯಾಟಿನ್ ಅನಿವಾರ್ಯವೆಂಬಂತಿತ್ತು. ಪಾದ್ರಿಯಾಗಬೇಕಾದವನಿಗೂ ವೈದ್ಯನಾಗಬೇಕಾದವನಿಗೂ ಅದು ಬೇಕು. ಸೇಂಟ್ ಮೈಕಲ್ಸ್ ಗ್ರೀಕ್ ಭಾಷೆಯ ಪಾಠಕ್ಕೂ ಹೆಸರಾಗಿತ್ತು. ಒಂದು ಕಡೆ ಕಿಟಕಿಯ ಹೊರಗೆ ದನದ ಸಂತೆಯ ಗದ್ದಲ. ಇನ್ನೊಂದು ಕಡೆ ಕರಿಹಲಗೆಯ ಮೇಲೆ ಹೋಮರನ ಭಾಷೆಯ ಕ್ರಿಯಾಪದ. ಈ ಎರಡರ ನಡುವೆ ಬೆಳೆದ ಹುಡುಗರಿಗೆ ಹಳ್ಳಿಗನ ಜಗಳದಲ್ಲಿಯೂ ಮಹಾಕಾವ್ಯದ ಧ್ವನಿ ಕೇಳಿಸಿದುದು ಆಶ್ಚರ್ಯವಲ್ಲ. ಮೂರು ವರ್ಷದ ಕೊನೆಗೆ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟ್. ಐದನೆಯ ವರ್ಷದ ಕೊನೆಗೆ, ಜೂನ್ ತಿಂಗಳಲ್ಲಿ, ಲೀವಿಂಗ್ ಸರ್ಟಿಫಿಕೇಟ್. ವರ್ಷವಿಡೀ ಮಳೆ ಸುರಿವ ದೇಶದಲ್ಲಿ ಈ ಪರೀಕ್ಷೆಯ ವಾರ ಮಾತ್ರ ಬಿಸಿಲು ಕಾಯುತ್ತದೆಂಬ ನಂಬಿಕೆ ಇಂದಿಗೂ ಇದೆ. ಒಳಗೆ ಕುಳಿತು ಬರೆಯುವವರನ್ನು ಅಣಕಿಸುವುದಕ್ಕಾಗಿಯೇ ಸೂರ್ಯ ಬರುತ್ತಾನೆಂದು ವಿದ್ಯಾರ್ಥಿಗಳು ಹೇಳುತ್ತಾರೆ.

ಆಟವೆಂದರೆ ಗೇಲಿಕ್ ಫುಟ್‌ಬಾಲ್. ಚೆಂಡನ್ನು ಕೈಯಲ್ಲಿಯೂ ಹಿಡಿಯಬಹುದಾದ, ಕಾಲಿನಿಂದಲೂ ಒದೆಯಬಹುದಾದ ಈ ದೇಶೀಯ ಕ್ರೀಡೆಯಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ಜಿಲ್ಲೆ ಕೆರ್ರಿ. ಸಾಕರ್, ರಗ್ಬಿ ಮೊದಲಾದ 'ಪರದೇಶದ ಆಟ'ಗಳನ್ನು ಆಡಿದವನನ್ನು ದೇಶೀಯ ಕ್ರೀಡಾಸಂಘವು 1971ರವರೆಗೂ ಹೊರಗಿಡುತ್ತಿತ್ತು.

ಮತ್ತು ಏಟು. ಚರ್ಮದ ಪಟ್ಟಿಯೋ ಬೆತ್ತವೋ ಉಪಾಧ್ಯಾಯರ ಕೈಯಲ್ಲಿರುವುದು ಆ ಕಾಲದ ಐರಿಷ್ ಶಾಲೆಗಳಲ್ಲಿ ಸೀಮೆಸುಣ್ಣದಷ್ಟೇ ಸಹಜವಾಗಿತ್ತು. ಜಾನ್ ಬಿ. ಕೀನ್ ಬಾಲಕನಾಗಿದ್ದಾಗ ತರಗತಿಯಲ್ಲಿ ಪದ್ಯವೊಂದನ್ನು ಹೇಳಬೇಕಾಯಿತು. ಅವನು ತಾನು ಬೆಳೆದ ಬೀದಿಯನ್ನು ಕುರಿತು ತಾನೇ ಕಟ್ಟಿದ ಪದ್ಯವನ್ನು ಹೇಳಿದನು. ಬರೆದವರಾರೆಂದು ಕೇಳಿದಾಗ ನಿಜವನ್ನೇ ನುಡಿದನು, ಏಟು ತಿಂದನು. ಮುಂದೆ ಕೀನ್ ತಮ್ಮ ಬಾಳಿನ ಕಥೆಯನ್ನು ಬರೆದಾಗ ಈ ಗಾಯವನ್ನು ಮರೆಯಲಿಲ್ಲ. ಹುಡುಗನು ಪದ್ಯ ಬರೆಯುವುದನ್ನೂ ಬಿಡಲಿಲ್ಲವೆಂಬುದು ಐರಿಷ್ ಸಾಹಿತ್ಯದ ಭಾಗ್ಯ. ಶಾಲೆಗಳಲ್ಲಿ ದೇಹದಂಡನೆಯನ್ನು ಸರ್ಕಾರ ನಿಲ್ಲಿಸಿದ್ದು 1982ರಲ್ಲಿ. ಏಟಿಗಿಂತಲೂ ಘೋರವಾದುದು ದೇಶದ ಅನೇಕ ಶಾಲೆಗಳಲ್ಲಿ ಗುಟ್ಟಾಗಿ ನಡೆದಿತ್ತೆಂಬುದು ತಡವಾಗಿ ಹೊರಬಿದ್ದಿತು. ಧರ್ಮಸಂಘಗಳು ನಡೆಸುತ್ತಿದ್ದ 308 ಶಾಲೆಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಆಪಾದನೆಗಳನ್ನು 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಸರ್ಕಾರಿ ವರದಿಯು ದಾಖಲಿಸಿತು. ಆ ತಲೆಮಾರಿನವರ ನೆನಪುಗಳಲ್ಲಿ ನಗುವಿನ ನಡುವೆ ಒಮ್ಮೊಮ್ಮೆ ಮೌನ ಬಂದು ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಆದರೂ ಒಳ್ಳೆಯ ಗುರುಗಳು ಇದ್ದರು. ಬ್ರಯನ್ ಮೆಕ್‌ಮಹನ್ ಸೇಂಟ್ ಮೈಕಲ್ಸ್‌ನಲ್ಲಿ ಓದಿ, ತಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿಯೇ ನಾಲ್ಕು ದಶಕಗಳಿಗೂ ಮೀರಿ ಪಾಠ ಹೇಳಿದರು. ಆ ಬಾಳಿನ ನೆನಪನ್ನು 'ದಿ ಮಾಸ್ಟರ್' ಎಂಬ ಪುಸ್ತಕದಲ್ಲಿ 1992ರಲ್ಲಿ ಬರೆದರು. ಹತ್ತಿರದ ಟಾರ್ಬರ್ಟ್ ಎಂಬ ಪುಟ್ಟ ಊರಿನಲ್ಲಿ ಜೇನ್ ಆ್ಯಗ್ನೆಸ್ ಮೆಕೆನ್ನ ಎಂಬ ಮಹಿಳೆ ಸೇಂಟ್ ಐಟಾಸ್ ಎಂಬ ಶಾಲೆಯನ್ನು ತಾವೇ ನಡೆಸುತ್ತಿದ್ದರು. ಪಾದ್ರಿಯೂ ಅಲ್ಲದ, ಸನ್ಯಾಸಿನಿಯೂ ಅಲ್ಲದ ಒಬ್ಬ ಮಹಿಳೆ ಹೈಸ್ಕೂಲು ನಡೆಸುವುದೇ ಅಲ್ಲಿ ಅಪರೂಪ. ಬ್ಯಾಲಿಲಾಂಗ್‌ಫರ್ಡ್ ಹಳ್ಳಿಯ ಬ್ರೆಂಡನ್ ಕೆನೆಲಿ ಆ ಶಾಲೆಯಲ್ಲಿ ಓದಿ, ಮುಂದೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಆ ಬಾಗಿಲು ಅಲ್ಲಿ ಇಲ್ಲದಿದ್ದರೆ ಕೆನೆಲಿ ಎಂಬ ಕವಿ ಯಾವ ಹೊಲದಲ್ಲಿ ಉಳಿದುಬಿಡುತ್ತಿದ್ದರೋ ಹೇಳಬಲ್ಲವರಾರು?

ಕಾನ್ವೆಂಟಿನ ಹುಡುಗಿ

ಹುಡುಗಿಯರ ಪಾಡು ಇನ್ನೂ ಸೂಕ್ಷ್ಮ. ಕಾನ್ವೆಂಟಿನ ಸನ್ಯಾಸಿನಿಯರು ಶಿಸ್ತಿನವರು. ನಡೆಯುವ ಬಗೆ, ಕೂರುವ ಬಗೆ, ಕೈಬರಹ ಎಲ್ಲಕ್ಕೂ ಕಟ್ಟಳೆ. ಆದರೆ ಹೆಣ್ಣುಮಕ್ಕಳು ಗಣಿತ, ಭಾಷೆಗಳನ್ನು ಕಲಿತು ತಮ್ಮ ಕಾಲ ಮೇಲೆ ತಾವು ನಿಲ್ಲುವ ದಾರಿಯನ್ನು ತೋರಿಸಿದವರೂ ಅವರೇ. ಚೆನ್ನಾಗಿ ತೇರ್ಗಡೆಯಾದ ಹುಡುಗಿ ಉಪಾಧ್ಯಾಯಿನಿಯಾಗಬಹುದು, ಸರ್ಕಾರಿ ಕಛೇರಿ ಸೇರಬಹುದು, ಇಂಗ್ಲೆಂಡಿಗೆ ಹೋಗಿ ದಾದಿಯಾಗಬಹುದು. ಮದುವೆಯಾದಳೋ, ಕೆಲಸ ಹೋಯಿತು! ಪ್ರಾಥಮಿಕ ಉಪಾಧ್ಯಾಯಿನಿಯರಿಗಿದ್ದ ಈ ನಿರ್ಬಂಧ 1958ರಲ್ಲಿ ತೊಲಗಿತು. ಸರ್ಕಾರಿ ನೌಕರಿಯಲ್ಲಿ 1973ರವರೆಗೂ ಉಳಿಯಿತು.

ಈ ಹುಡುಗಿಯ ಸಂಕಟವನ್ನು ಲಿಸ್ಟೋವೆಲ್ಲೇ ರಂಗಕ್ಕೆ ತಂದಿತು. ಜಾನ್ ಬಿ. ಕೀನ್ ಶಾಲೆ ಮುಗಿಸಿ, ಔಷಧದ ಅಂಗಡಿಯಲ್ಲಿ ಕೆಲಸ ಕಲಿತು, ಇಂಗ್ಲೆಂಡಿಗೆ ಹೋಗಿ ಬೀದಿ ಗುಡಿಸಿ, ಮರಳಿ ಬಂದು 1955ರಲ್ಲಿ ಊರಿನ ವಿಲಿಯಂ ಬೀದಿಯಲ್ಲಿ ಮದ್ಯದಂಗಡಿಯೊಂದನ್ನು ಕೊಂಡರು. ಅಂಗಡಿ ಮುಚ್ಚಿದ ಮೇಲೆ, ರಾತ್ರಿಯ ಹೊತ್ತು, ಅವರು ಬರೆಯುತ್ತಿದ್ದರು. ಹಾಗೆ ಹುಟ್ಟಿದ ನಾಟಕ 'ಸೈವ್.' ಅದರ ನಾಯಿಕೆ ಕಾನ್ವೆಂಟಿನಲ್ಲಿ ಓದುವ ತಬ್ಬಲಿ ಹುಡುಗಿ. ಅವಳ ಓದು ಮನೆಗೆ ದಂಡವೆಂದು ಮಾವನ ಹೆಂಡತಿಯ ಗೊಣಗಾಟ; ಹಣವುಳ್ಳ ಮುದಿರೈತನೊಬ್ಬನಿಗೆ ಅವಳನ್ನು ಕಟ್ಟಿಬಿಡಲು ದಲ್ಲಾಳಿಯ ಹವಣಿಕೆ. ಕೊನೆಗೆ ಆ ಹುಡುಗಿ ಕತ್ತಲಲ್ಲಿ ಮನೆ ಬಿಟ್ಟು ಓಡಿ ಜವುಗುನೆಲದಲ್ಲಿ ಪ್ರಾಣ ಬಿಡುತ್ತಾಳೆ. ಡಬ್ಲಿನ್ನಿನ ಪ್ರಸಿದ್ಧ ಆ್ಯಬಿ ರಂಗಮಂದಿರವು ಈ ನಾಟಕವನ್ನು ತಿರಸ್ಕರಿಸಿತು. 1959ರಲ್ಲಿ ಲಿಸ್ಟೋವೆಲ್ಲಿನ ಹವ್ಯಾಸಿ ತಂಡ ಅದನ್ನು ಆಡಿ, ಆತ್ಲೋನ್ ನಗರದ ಅಖಿಲ ಐರ್ಲೆಂಡ್ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವನ್ನೇ ಗೆದ್ದು ಬಂದಿತು. ನೋಡಿದವರು ಕಣ್ಣೀರಿಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ. ಓದು ಬಿಡಿಸಿದ ಮಗಳೊಬ್ಬಳು ಆ ನಾಡಿನ ಯಾವ ಕುಟುಂಬದಲ್ಲಿ ಇರಲಿಲ್ಲ?

ಹಡಗು ಹತ್ತಿದವರು

ಶಾಲೆಯ ಬಾಗಿಲು ಮುಚ್ಚಿದವರಿಗೆ ತೆರೆದಿದ್ದುದು ಹಡಗಿನ ಬಾಗಿಲು. 1951ರಿಂದ 1961ರ ಹತ್ತು ವರ್ಷಗಳಲ್ಲಿ ಐರ್ಲೆಂಡನ್ನು ಬಿಟ್ಟುಹೋದವರ ನಿವ್ವಳ ಸಂಖ್ಯೆ 4 ಲಕ್ಷಕ್ಕೂ ಹೆಚ್ಚು. ಉಳಿದ ಜನಸಂಖ್ಯೆ ಸುಮಾರು 28 ಲಕ್ಷ. ಪ್ರಾಥಮಿಕ ಶಾಲೆಯನ್ನಷ್ಟೇ ಮುಗಿಸಿದ ತರುಣರು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಲಿಸ್ಟೋವೆಲ್ಲಿನ ರೈಲು ನಿಲ್ದಾಣದಲ್ಲಿ ನಿಲ್ಲುತ್ತಿದ್ದರು. ರೈಲು, ಅನಂತರ ಡಬ್ಲಿನ್ ಬಳಿಯ ಡನ್‌ಲೇರಿ ಬಂದರು, ಅನಂತರ ಇರುಳಿನ ಹಡಗು, ಆಮೇಲೆ ಇಂಗ್ಲೆಂಡಿನ ರಸ್ತೆ, ಸುರಂಗ, ಕಟ್ಟಡಗಳ ಕೂಲಿ. ಹೋದವರು ಮನೆಗೆ ಹಣ ಕಳಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಹೀಗೆ ಅಣ್ಣನು ಕಳಿಸಿದ ಪೌಂಡುಗಳಿಂದಲೇ ಕಿರಿಯ ತಮ್ಮನ ಶಾಲೆಯ ಫೀಸು ಸಂದಾಯವಾಯಿತು. ಓದಿದ ತಮ್ಮನ ಪದವಿಯಲ್ಲಿ ಓದದ ಅಣ್ಣನ ಬೆವರು ಸೇರಿಕೊಂಡಿತು. ಹಾಗೆ ಓದಿದವರು ಮುಪ್ಪಿನಲ್ಲಿಯೂ ಈ ಋಣದ ಮಾತು ಬಂದರೆ ಗಳಿಗೆಹೊತ್ತು ಸುಮ್ಮನಾಗುತ್ತಾರೆ.

ಊರಿಗೆ ಪ್ರಯಾಣಿಕರ ರೈಲು 1963ರಲ್ಲಿ ನಿಂತುಹೋಯಿತು.

ಒಂದು ಶನಿವಾರದ ಭಾಷಣ

ಈ ಕಥೆಯನ್ನು ಬದಲಿಸಿದುದು ಒಂದು ಭಾಷಣ. ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಲಿಂಚ್ ಅವರ ಮುಂದಾಳುತನದಲ್ಲಿ ನಡೆದ ಸಮೀಕ್ಷೆಯೊಂದು 1965ರ ಕೊನೆಗೆ ಹೊರಬಂದು, ಐರಿಷ್ ಶಿಕ್ಷಣದ ಅಸಮತೆಯನ್ನು ಅಂಕಿಗಳಲ್ಲಿ ತೋರಿಸಿತ್ತು. ಅಂಕಿಗಳು ಕಪಾಟು ಸೇರುವುದು ಎಲ್ಲ ದೇಶಗಳ ರೂಢಿ. ಆದರೆ 1966ರ ಜುಲೈಯಲ್ಲಿ ಶಿಕ್ಷಣಮಂತ್ರಿಯಾದ ಲಿಮರಿಕ್ ನಗರದ ಡೊನಾ ಒ'ಮ್ಯಾಲಿ ತಾಳ್ಮೆಗೆ ಹೆಸರಾದವರಲ್ಲ. ಸೆಪ್ಟೆಂಬರ್ 10, ಶನಿವಾರ, ಪತ್ರಕರ್ತರ ಸಭೆಯೊಂದರಲ್ಲಿ ಎದ್ದು ನಿಂತು, ಪ್ರತಿವರ್ಷ ಸುಮಾರು 17,000 ಮಕ್ಕಳು ಪ್ರಾಥಮಿಕ ಶಾಲೆಯೊಡನೆ ಓದನ್ನು ಮುಗಿಸುತ್ತಿರುವರೆಂದು ನೆನಪಿಸಿ, ಮರುವರ್ಷದಿಂದ ಮಾಧ್ಯಮಿಕ ಶಿಕ್ಷಣವನ್ನು ಉಚಿತ ಮಾಡುವುದಾಗಿ ಸಾರಿಬಿಟ್ಟರು. ಹಣಕಾಸು ಇಲಾಖೆಯ ಒಪ್ಪಿಗೆ ಇರಲಿಲ್ಲ. ಆ ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟೇಕರ್ ಪ್ರಧಾನಮಂತ್ರಿ ಶಾನ್ ಲೆಮಾಸ್ ಅವರಿಗೆ ಕಟುವಾಗಿ ಪತ್ರ ಬರೆದರು. ಅಷ್ಟರಲ್ಲಿ ಭಾನುವಾರದ ಪತ್ರಿಕೆಗಳು ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದ್ದವು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಧೈರ್ಯ ಯಾವ ಸರ್ಕಾರಕ್ಕಿದ್ದೀತು?

ಆ ಸಭೆ ನಡೆದದ್ದು ಡನ್‌ಲೇರಿಯಲ್ಲಿ, ಓದಲಾಗದ ಮಕ್ಕಳು ವರ್ಷವರ್ಷವೂ ಹಡಗು ಹತ್ತುತ್ತಿದ್ದ ಅದೇ ಬಂದರಿನ ಊರಿನಲ್ಲಿ.

1967ರ ಏಪ್ರಿಲಿನಲ್ಲಿ ಹಳ್ಳಿಗಳಿಂದ ಶಾಲಾಬಸ್ಸುಗಳು ಓಡಲಾರಂಭಿಸಿದವು. ಸೆಪ್ಟೆಂಬರಿನಿಂದ ಬಹುಪಾಲು ಶಾಲೆಗಳು ಫೀಸನ್ನು ಕೈಬಿಟ್ಟು, ಅದರ ಬದಲು ಸರ್ಕಾರದಿಂದ ಅನುದಾನ ಪಡೆದವು. ಒಂದೇ ವರ್ಷದಲ್ಲಿ ಮಾಧ್ಯಮಿಕ ಶಾಲೆಗಳ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 15,000ದಷ್ಟು ಏರಿತು. ಇದ್ದ ಕೊಠಡಿಗಳು ಸಾಲದೆ ದೇಶದ ಅನೇಕ ಕಡೆ ತಗಡಿನ, ಹಲಗೆಯ ಕೊಠಡಿಗಳು ಎದ್ದವು. ಬೈಸಿಕಲ್ಲು ಇಲ್ಲದ ಮನೆಯ ಹುಡುಗಿಯೂ ಬಸ್ಸಿನಿಂದ ಇಳಿದು ಕಾನ್ವೆಂಟಿನ ಗೇಟನ್ನು ದಾಟುವ ದಿನ ಬಂದಿತು. ಒ'ಮ್ಯಾಲಿ ತಾವು ನೆಟ್ಟ ಗಿಡದ ಫಲವನ್ನು ನೋಡಲು ಉಳಿಯಲಿಲ್ಲ; 1968ರ ಮಾರ್ಚಿಯಲ್ಲಿ, 47ರ ಹರೆಯದಲ್ಲಿ, ತೀರಿಕೊಂಡರು. ಅವರ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುವ ಮನೆಗಳು ಐರ್ಲೆಂಡಿನಲ್ಲಿ ಅಸಂಖ್ಯ.

ತಾಯ್ನುಡಿಯ ಪಾಠ

ಶಾಲೆಯ ನೆನಪು ಬಂದಾಗ ಐರಿಷ್ ಭಾಷೆಯ ಮಾತು ಬಾರದೆ ಹೋಗದು. ಪರರ ಆಳಿಕೆಯಲ್ಲಿಯೂ ಹಸಿವಿನಲ್ಲಿಯೂ ನಲುಗಿ ಬಹುಪಾಲು ಜನರ ನಾಲಗೆಯಿಂದ ಜಾರಿಹೋಗಿದ್ದ ಪ್ರಾಚೀನ ಭಾಷೆಯನ್ನು ಮಕ್ಕಳ ಮೂಲಕ ಮರಳಿ ಬದುಕಿಸಬೇಕೆಂದು ಸ್ವತಂತ್ರ ಐರ್ಲೆಂಡ್ ಹಂಬಲಿಸಿತು. 1934ರಿಂದ ಆ ಭಾಷೆಯಲ್ಲಿ ತೇರ್ಗಡೆಯಾಗದವನಿಗೆ ಲೀವಿಂಗ್ ಸರ್ಟಿಫಿಕೇಟೇ ಇಲ್ಲ. ಉಳಿದೆಲ್ಲ ವಿಷಯಗಳಲ್ಲಿ ಮುಂದಿದ್ದರೂ ಐರಿಷ್‌ನಲ್ಲಿ ಎಡವಿದವನು ಬರಿಗೈಯಲ್ಲಿ ಮನೆಗೆ ಹೋಗಬೇಕು. ಈ ಕಟ್ಟಳೆ 1973ರಲ್ಲಿ ಸಡಿಲವಾಯಿತು. ಕೆರ್ರಿಯದೇ ಕಡಲದ್ವೀಪ ಗ್ರೇಟ್ ಬ್ಲಾಸ್ಕೆಟ್‌ನಲ್ಲಿ ಬಾಳಿದ ಪೆಗ್ ಸೇಯರ್ಸ್ ಎಂಬ ಅಜ್ಜಿ ಹೇಳಿ ಬರೆಸಿದ ಆತ್ಮಕಥೆ, 1936ರಲ್ಲಿ ಅಚ್ಚಾದುದು, ದಶಕಗಳ ಕಾಲ ಪಠ್ಯಪುಸ್ತಕವಾಗಿತ್ತು. ಸಾವು, ಬಡತನ, ಬಿರುಗಾಳಿಗಳ ಆ ಕಥನ ನಿಜವಾಗಿ ಸೊಗಸಾದುದು. ಪರೀಕ್ಷೆಯ ಭೂತ ಬೆನ್ನ ಮೇಲಿದ್ದ ಹುಡುಗರಿಗೆ ಆ ಸೊಗಸು ಕಾಣಲಿಲ್ಲ. ಅಜ್ಜಿಯ ಹೆಸರು ಕೇಳಿದರೆ ನರಳುವ ಐರಿಷರು ಇಂದಿಗೂ ಬಹಳ. ಅದೇ ಪುಸ್ತಕವನ್ನು ಪ್ರೀತಿಯಿಂದ ಇಂಗ್ಲಿಷಿಗೆ ತಂದವರು ಲಿಸ್ಟೋವೆಲ್ಲಿನ ಮಾಸ್ತರರಾದ ಮೆಕ್‌ಮಹನ್.

ಕಳೆದುಕೊಂಡ ಭಾಷೆಗಾಗಿ ಐರಿಷರು ಪಟ್ಟ ಈ ಮರುಕದಿಂದ ಕನ್ನಡಕ್ಕೂ ಒಂದು ಲಾಭವಾಗಿದೆ. ಐರ್ಲೆಂಡಿನ ಸಾಹಿತ್ಯ ಪುನರುಜ್ಜೀವನದಲ್ಲಿ ಪಾಲುಗೊಂಡಿದ್ದ ಬೆಲ್‌ಫಾಸ್ಟ್ ನಗರದ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ನೆಲಸಿದರು. 1924ರಲ್ಲಿ ಮೈಸೂರಿನಲ್ಲಿ ಒಬ್ಬ ತರುಣ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದನು. ಓದಿ ನೋಡಿದ ಕಸಿನ್ಸ್, ತಾಯ್ನುಡಿಯಲ್ಲಿ ಬರೆಯಬೇಕೆಂದು ಅವನಿಗೆ ಬುದ್ಧಿ ಹೇಳಿದರು. ಆ ತರುಣನೇ ಕುವೆಂಪು. ಲಿಸ್ಟೋವೆಲ್ಲಿನ ಹುಡುಗರಿಗೆ ಕಟ್ಟಳೆಯಾಗಿ ಬಂದು ಕಹಿಯಾದ ಮಾತು ಮೈಸೂರಿನ ಹುಡುಗನಿಗೆ ಹಿತವಚನವಾಗಿ ಬಂದು ಫಲಿಸಿತು. ಅವನ ನಾಲಗೆಯ ಮೇಲೆ ಆ ಭಾಷೆ ಇನ್ನೂ ಜೀವಂತವಾಗಿತ್ತೆಂಬುದನ್ನೂ ಮರೆಯುವಂತಿಲ್ಲ.

ಉಳಿದುಬಂದದ್ದು

ಇಂದು ಲಿಸ್ಟೋವೆಲ್ಲಿಗೆ ಹೋದವರು ಬೇರೊಂದು ಊರನ್ನು ಕಾಣುತ್ತಾರೆ. ಪಾಠ ಹೇಳುವವರಲ್ಲಿ ಈಗ ಪಾದ್ರಿಗಳೂ ಸನ್ಯಾಸಿನಿಯರೂ ಕಾಣುವುದು ಅಪರೂಪ. ಕಾನ್ವೆಂಟಿನ ಮಠ 2007ರಲ್ಲಿ ಮುಚ್ಚಿತು, ಶಾಲೆ ನಡೆಯುತ್ತಿದೆ. ಒಂಟಿಕಂಬಿಯ ರೈಲಿನ ಪ್ರತಿಕೃತಿಯೊಂದು 2003ರಿಂದ ಅಲ್ಪದೂರ ಓಡಿ ಮಕ್ಕಳನ್ನು ನಗಿಸುತ್ತದೆ. ಸೆಪ್ಟೆಂಬರಿನ ಕುದುರೆಪಂದ್ಯಗಳಿಗೆ ದೂರದ ಊರುಗಳಿಂದ ಮನೆಮಕ್ಕಳು ಮರಳಿ ಬರುತ್ತಾರೆ. ಕೀನ್ 2002ರಲ್ಲಿ ಕಾಲವಾದರು. ಲಂಡನ್ನಿನಲ್ಲಿ ಬಸ್ ಕಂಡಕ್ಟರನಾಗಿಯೂ ಡಬ್ಲಿನ್ನಿನಲ್ಲಿ ಪ್ರಾಧ್ಯಾಪಕನಾಗಿಯೂ ಬಾಳಿದ ಕೆನೆಲಿ ಕೊನೆಯ ದಿನಗಳಿಗೆ ಮರಳಿ ಬಂದು 2021ರಲ್ಲಿ ಲಿಸ್ಟೋವೆಲ್ಲಿನಲ್ಲಿಯೇ ಕಣ್ಮುಚ್ಚಿದರು.

'ಉಚಿತ' ಎಂಬ ಮಾತು ಪೂರ್ತಿ ನಿಜವಾಗಲು ಮಾತ್ರ ಬಹಳ ಕಾಲ ಹಿಡಿಯಿತು. ಶಾಲೆಗಳು ತಂದೆತಾಯಿಗಳಿಂದ ಐಚ್ಛಿಕ ವಂತಿಗೆ ಕೇಳುವುದು ನಿಂತಿಲ್ಲ. ಪಠ್ಯಪುಸ್ತಕಗಳು ಕೆಳ ತರಗತಿಗಳಿಗೆ 2024ರಲ್ಲಿ, ಮೇಲಿನ ತರಗತಿಗಳಿಗೆ 2025ರಲ್ಲಿ ಉಚಿತವಾದವು; ಒ'ಮ್ಯಾಲಿಯವರ ಭಾಷಣದಿಂದ ಎಣಿಸಿದರೆ ಸುಮಾರು ಆರು ದಶಕ.

ಹಳೆಯ ವಿದ್ಯಾರ್ಥಿಗಳು ಸೇರಿದಾಗ ತರಗತಿಯ ಹಳೆಯ ಛಾಯಾಚಿತ್ರ ಕೈಯಿಂದ ಕೈಗೆ ಸಾಗುವುದು ಎಲ್ಲ ಊರುಗಳಲ್ಲಿಯೂ ಉಂಟು. ಇವನು ವೈದ್ಯನಾದ, ಇವನು ಪಾದ್ರಿಯಾದ, ಇವಳು ಅಮೆರಿಕಕ್ಕೆ ಹೋದಳು ಎಂದು ಬೆರಳಿಟ್ಟು ಹೇಳುತ್ತಾರೆ. ಲಿಸ್ಟೋವೆಲ್ಲಿನಂಥ ಊರುಗಳಲ್ಲಿ 1967ಕ್ಕೆ ಮುಂಚಿನ ಚಿತ್ರಗಳನ್ನು ನೋಡುವವರು ಇನ್ನೊಂದು ಕೆಲಸವನ್ನೂ ಮಾಡಬೇಕಾಗುತ್ತದೆ: ಪ್ರಾಥಮಿಕ ಶಾಲೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದು ಇದರಲ್ಲಿ ಇಲ್ಲದ ಮುಖಗಳನ್ನು ಎಣಿಸುವುದು. 1967ರ ನಂತರದ ಚಿತ್ರಗಳಲ್ಲಿ ಸಾಲುಗಳು ಉದ್ದವಾಗಿವೆ. ಹಿಂದಿನ ಸಾಲಿನವರು ಬೆಂಚಿನ ಮೇಲೆ ಹತ್ತಿ ನಿಂತಿದ್ದಾರೆ. ಒಬ್ಬರ ಭುಜ ಇನ್ನೊಬ್ಬರಿಗೆ ಒತ್ತುತ್ತದೆ. ಆ ಇಕ್ಕಟ್ಟನ್ನು ಕಂಡು ಊರಿನ ಹಿರಿಯರು ಸಂತೋಷಪಡುತ್ತಾರೆ.